ಎರಡು ಶ್ರಾವಣ ಬಂದ ವರ್ಷ

ಆ ವರ್ಷ ಶ್ರಾವಣ ಎರಡು ಬಂದವು. ಪುಣೆಯ ಬಿಬವೇವಾಡಿಯ ಮನೆಯ ಅಡುಗೆಕೋಣೆಯಲ್ಲಿ ಮೊಳೆಗೆ ತೂಗುಹಾಕಿದ್ದ ಕ್ಯಾಲೆಂಡರಿನಲ್ಲಿ ಮೊದಲಿನದಕ್ಕೆ ಅಧಿಕ, ಅದರ ಮುಂದಿನದಕ್ಕೆ ನಿಜ ಎಂದು ಅಚ್ಚಾಗಿತ್ತು. ಶಿವಗಂಗವ್ವ ರೊಟ್ಟಿ ಬಡಿಯುವ ನಡುವೆ ಹಿಟ್ಟಿನ ಕೈಯಲ್ಲೇ ಆ ಎರಡು ಹಾಳೆಗಳನ್ನು ತಿರುವಿ ತಿರುವಿ ನೋಡುತ್ತಿದ್ದಳು. ಹಾಳೆಯ ಮೂಲೆಗೆ ಜೋಳದ ಹಿಟ್ಟು ಮೆತ್ತಿಕೊಂಡಿತ್ತು. ಒಂದು ಶ್ರಾವಣ ಕಸಿದುಕೊಂಡ ದೇವರು ಈಗ ಎರಡು ಕೊಟ್ಟಿದ್ದಾನೆ ಎಂದು ಅವಳ ನಂಬಿಕೆ.

ಅವಳ ತವರು ಇಂಡಿ ತಾಲೂಕಿನಲ್ಲಿ, ಭೀಮಾ ನದಿಯ ದಂಡೆಯ ಒಂದು ಹಳ್ಳಿ. ಅಲ್ಲಿಯ ಮಠದಲ್ಲಿ ಶ್ರಾವಣದುದ್ದಕ್ಕೂ ಸಂಜೆಗೆ ಪುರಾಣ ಹಚ್ಚುತ್ತಿದ್ದರು. ಅವಳ ಅಪ್ಪ ಇರುವ ತನಕ ಪದ ಓದುವವನು ಅವನೇ. ಅವನದೊಂದು ಪದ್ಧತಿ ಇತ್ತು. ನಿನ್ನೆ ನಿಲ್ಲಿಸಿದ ಪದವನ್ನೇ ಇವತ್ತು ಇನ್ನೊಮ್ಮೆ ಓದಿ ಮುಂದೆ ಹೋಗುತ್ತಿದ್ದ. ಓದುವಾಗ ದೀಪ ಮಂದವಾಗಿ ಒಂದು ಸಾಲು ಮಸುಕಾಯಿತೆಂದರೆ, ಬಾಯಿಗೆ ಬರುತ್ತದೆಂದು ಹಾಗೇ ಹೇಳಿ ದಾಟುತ್ತಿರಲಿಲ್ಲ. ಬತ್ತಿ ಏರಿಸಲು ಹೇಳಿ, ಪದವನ್ನು ಮೊದಲಿನಿಂದ ಹಿಡಿಯುತ್ತಿದ್ದ. “ಕಾಣದ ಓದಿದ್ದು ಓದಿಧಂಗಲ್ಲ” ಎನ್ನುತ್ತಿದ್ದ. ಅಕ್ಕ ಪಾರವ್ವ, ತವರಲ್ಲಿ ಗಂಗಿ ಎನಿಸಿಕೊಂಡ ಶಿವಗಂಗವ್ವ ಇಬ್ಬರೂ ಕಂಬಕ್ಕೆ ಬೆನ್ನು ಕೊಟ್ಟು ಕೇಳುತ್ತ ಬೆಳೆದವರು. ಪಾರವ್ವನನ್ನು ಊರಲ್ಲೇ ಕೊಟ್ಟರು. ಈಗ ಗಂಡ ಇಲ್ಲ, ಕಂಬ ಬಿಟ್ಟಿಲ್ಲ. ಗಂಗಿಯನ್ನು ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಅಡತಿ ಅಂಗಡಿಯ ಗುಮಾಸ್ತನಾಗಿದ್ದ ಮಲಕಪ್ಪನಿಗೆ ಕೊಟ್ಟರು. ಅಲ್ಲಿಂದೀಚೆಗೆ ಒಂದು ಶ್ರಾವಣವನ್ನೂ ಅವಳು ಪೂರಾ ಕೇಳಿದವಳಲ್ಲ. ಮಗ ಚಿಕ್ಕವನು, ಆಮೇಲೆ ಅವನ ಶಾಲೆ, ಆಮೇಲೆ ಹಾಸಿಗೆ ಹಿಡಿದ ಅತ್ತೆ.

ಸೊಸೆ ಸ್ನೇಹಲ್ ಬಂದು ಅಡುಗೆಮನೆ ಸಂಭಾಳಿಸುವಂತಾದ ಮೇಲೆ, ಮೂರು ವರ್ಷದ ಹಿಂದೆ, ಶಿವಗಂಗವ್ವ ಚೀಲ ಕಟ್ಟಿದ್ದಳು. ನಾಳೆ ಬಸ್ಸು ಅನ್ನುವಾಗ ರಕ್ತ ಕಂಡಿತು. ಸ್ನೇಹಲ್ ಚೀಲ ಕೆಳಗಿಳಿಸಿ ದವಾಖಾನೆಗೆ ಕರೆದುಕೊಂಡು ಹೋದಳು. ಡಾಕ್ಟರರು ಕೆಳಗಿನಿಂದ ದುರ್ಬೀನು ಹಾಕಿ, ದೊಡ್ಡ ಕರುಳಿನಲ್ಲಿ ಬೋರೆಹಣ್ಣಿನಷ್ಟು ಬೆಳೆದಿದ್ದ ಗಂಟೊಂದನ್ನು ಕೊಯ್ದು ತೆಗೆದರು. ಪಾಲಿಪ್ ಎಂದರು. ಕ್ಯಾನ್ಸರ್ ಅಲ್ಲ, ಬಿಟ್ಟಿದ್ದರೆ ಮುಂದೆ ಆಗಬಹುದಾಗಿದ್ದ ಜಾತಿ. ಒಮ್ಮೆ ಬೆಳೆದ ಕಡೆ ಮತ್ತೆ ಬೆಳೆಯುವುದುಂಟು, ಮೂರು ವರ್ಷಕ್ಕೆ ಮತ್ತೆ ನೋಡಲೇಬೇಕು ಎಂದರು. ಒಂದು ವರ್ಷ ಕಳೆದಾಗ ಮಲಕಪ್ಪ ಹೆದರಿಕೆ ತಾಳದೆ ತಾನೇ ಹೆಂಡತಿಯನ್ನು ಕರೆದೊಯ್ದಿದ್ದ. ಡಾಕ್ಟರರು ವಾಪಸು ಕಳಿಸಿದ್ದರು. ಮೂರು ಎಂದರೆ ಮೂರು, ಸುಮ್ಮಸುಮ್ಮನೆ ಕರುಳಿಗೆ ತ್ರಾಸು ಕೊಡಬಾರದು, ಹಾಗೆಯೇ ಮೂರು ಆದ ಮೇಲೆ ಮರೆಯಲೂಬಾರದು.

ಈಗ ಜುಲೈ ಹತ್ತಿರ ಬಂದಿತ್ತು. ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಸ್ನೇಹಲ್ ಪಲ್ಯ ಬಡಿಸುತ್ತ ಮಾತು ತೆಗೆದಳು.

“ಅತ್ತೀ, ಮೂರು ವರ್ಷ ಆತು ನೋಡ್ರಿ.”

“ಯಾತರದು?”

“ದುರ್ಬೀನದ್ದು.”

“ಆಕಿಗೇನಾಗ್ಯದ?” ಎಂದ ಮಲಕಪ್ಪ. “ನನಗಿಂತ ಒಂದು ರೊಟ್ಟಿ ಜಾಸ್ತಿ ತಿಂತಾಳ.”

“ಎಣಿಸ್ರಿ, ಎಣಿಸ್ರಿ. ಅಡತಿಯಾಗ ಬೆಲ್ಲದ ಪೆಂಟಿ ಎಣಿಸಿ ಎಣಿಸಿ ಮನ್ಯಾಗೂ ಅದೇ ಚಾಳಿ,” ಎಂದಳು ಶಿವಗಂಗವ್ವ.

ಮಗ ದೇವಾನಂದ ಕುರಕುಂಭದ ಕಾರ್ಖಾನೆಗೆ ಹೋಗಿಬರುವವನು. ಕಂಪನಿ ಬಸ್ಸಿನ ದಣಿವು ಅವನ ಮುಖದ ಮೇಲೆಯೇ ಇತ್ತು. “ಅವ್ವಾ, ಯಾವಾಗ ಅಂತ ಈಗ ಹೇಳಿಬಿಡು. ರಜಾ ಬೇಕಂದ್ರ ಮೊದಲ ತಿಳಿಸಬೇಕು.”

“ಅಧಿಕದಾಗ ಏನೂ ಹಿಡೀಬಾರದು. ಆ ತಿಂಗಳು ಲೆಕ್ಕಕ್ಕೇ ಇಲ್ಲ.”

“ಹಂಗಾರ ನಿಜದಾಗ.”

“ನಿಜದಾಗ ಪುರಾಣ. ನಾ ಊರಾಗ ಇರ್ತೀನಿ. ಅಕ್ಕಗ ಮಾತು ಕೊಟ್ಟೀನಿ.”

“ಅದು ಮುಗದ ಮ್ಯಾಲ?”

“ಗಣಪತಿ ಬಂತಲ್ಲೋ.”

ಸ್ನೇಹಲ್ ಪಲ್ಯದ ಪಾತ್ರೆ ಕೆಳಗಿಟ್ಟು, ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ತಂದು ಅತ್ತೆಯ ತಾಟಿನ ಪಕ್ಕದಲ್ಲಿ ಇಟ್ಟಳು. “ಗಣಪತಿ ಆದ ಮ್ಯಾಲ ಪಿತೃಪಕ್ಷ. ಆಮ್ಯಾಲ ದಸರಾ. ಆಮ್ಯಾಲ ದೀಪಾವಳಿ, ತುಳಸಿ ಲಗ್ನ. ನಿಮ್ಮ ಕ್ಯಾಲೆಂಡರಿನಾಗ ಖಾಲಿ ತಿಂಗಳು ಯಾವುದದ, ನೀವ ತೋರಸ್ರಿ ಅತ್ತೀ.”

ಮಲಕಪ್ಪನಿಗೆ ನಗು ಬಂತು. ಹೆಂಡತಿಯ ಮುಖ ನೋಡಿ ಮಜ್ಜಿಗೆ ಬಟ್ಟಲು ಎತ್ತಿಕೊಂಡ.

ಪಾತ್ರೆ ತೊಳೆಯುವಾಗ ಅತ್ತೆ ಸೊಸೆ ಇಬ್ಬರೇ ಇದ್ದರು. ಶಿವಗಂಗವ್ವ ತಾಟು ಉಜ್ಜುತ್ತ, ತಲೆ ಎತ್ತದೆ ಹೇಳಿದಳು. “ಹ್ವಾದ ಸಲ ಅವರು ನೋಡಿದ್ರು, ನನ್ನ ಶ್ರಾವಣ ಹೋತು. ಈ ಸಲಾನೂ ನೋಡ್ತಾರ, ಏನರ ಕಾಣ್ತದ, ಇದೂ ಹೋಗ್ತದ. ಒಮ್ಮೆ ಪೂರಾ ಕೇಳಿ ಬರ್ತೀನಿ ಸ್ನೇಹಲ್. ಆಮ್ಯಾಲ ಅವರು ಏನು ಬೇಕಾದ್ದು ಹಾಕಿ ನೋಡಲಿ.”

“ಅಧಿಕದಾಗ ಮುಗಿಸಿಬಿಡ್ರಿ, ನಿಜ ಪೂರಾ ನಿಮ್ಮದ. ನಾನ ಸ್ವಾರಗೇಟಕ್ಕ ಬಂದು ಬಸ್ಸಿಗೆ ಹತ್ತಸ್ತೀನಿ.”

“ಹೊಸಾ ಕೆಲಸ ಹಿಡೀಬಾರದ್ವಾ.”

“ಇದೆಲ್ಲಿ ಹೊಸಾದ್ರಿ? ಮೂರು ವರ್ಷದ ಹಿಂದ ಹಿಡಿದದ್ದು. ಅರ್ಧಾ ಉಳಿದದ.”

ಶಿವಗಂಗವ್ವ ತಾಟನ್ನು ನೀರಿಗೆ ಹಿಡಿದಳು. “ನಿನ್ನ ಬಾಯಿಗೆ ಯಾರು ಹತ್ತಬೇಕು,” ಎಂದಳು. ಅದು ಒಪ್ಪಿಗೆ ಎಂದು ಸ್ನೇಹಲ್‌ಗೆ ಗೊತ್ತಾಯಿತು.

ಅಧಿಕ ಶ್ರಾವಣದ ಎರಡನೇ ಮಂಗಳವಾರಕ್ಕೆ ದಿನ ಸಿಕ್ಕಿತು. ದವಾಖಾನೆಯ ನರ್ಸ್ ಮರಾಠಿಯಲ್ಲಿ ಎಲ್ಲ ತಿಳಿಸಿ ಹೇಳಿದಳು. ಕಾಳು, ಸೊಪ್ಪು, ರೊಟ್ಟಿ ಎರಡು ದಿನ ಮೊದಲೇ ಬಂದ್. ಹಿಂದಿನ ದಿನ ಬರೀ ತಿಳಿ: ಬೇಳೆಯ ತಿಳಿನೀರು, ಹಾಲು ಹಾಕದ ಚಹಾ, ಶರಬತ್ತು. ಸಂಜೆಯಿಂದ ಪುಡಿ ಕಲಸಿದ ನೀರು ಕುಡಿದು ಹೊಟ್ಟೆ ಖಾಲಿ ಮಾಡಬೇಕು. ಸ್ನೇಹಲ್ ಎಲ್ಲವನ್ನೂ ಅತ್ತೆಗೆ ಕನ್ನಡದಲ್ಲಿ ಮತ್ತೆ ಹೇಳಿದಳು. ಶಿವಗಂಗವ್ವ “ಗೊತ್ತದ ತಗೊ, ಹ್ವಾದ ಸಲ ಕುಡದೀನಲ್ಲ” ಎಂದಳು.

ಹಿಂದಿನ ದಿನ ಸೋಮವಾರ. ಅಧಿಕವಿರಲಿ ನಿಜವಿರಲಿ, ಶ್ರಾವಣದ ಸೋಮವಾರವನ್ನು ಶಿವಗಂಗವ್ವ ಎಂದೂ ಬಿಟ್ಟವಳಲ್ಲ. ಮುಂಜಾನೆ ಬೇಳೆಯ ತಿಳಿ ಕುಡಿದದ್ದಕ್ಕೂ ಅವಳ ಮನಸ್ಸು ಕಸಿವಿಸಿಗೊಂಡಿತ್ತು. ಉಪವಾಸದ ದಿನ ಬೇಳೆ ಸಲ್ಲುವುದಿಲ್ಲ. ಮಧ್ಯಾಹ್ನ ಸ್ನೇಹಲ್ ಮಗಳು ರೇಣುವಿನ ಶಾಲೆಗೆ ಪಾಲಕರ ಸಭೆಗೆಂದು ಹೋದಳು. ಆ ಹೊತ್ತಿಗೆ ಪಕ್ಕದ ಮನೆಯ ಅನುಸೂಯಾಬಾಯಿ ಬಟ್ಟಲು ಮುಚ್ಚಿಕೊಂಡು ಬಂದಳು. ಪ್ರತಿ ಸೋಮವಾರ ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳುವುದು ವರ್ಷಗಳ ರೂಢಿ. ಸಾಬುದಾಣಿ ಖಿಚಡಿ, ಮೇಲೆ ಹುರಿದು ಕುಟ್ಟಿದ ಶೇಂಗಾ, ತುಪ್ಪದ ಘಮ. ಶಿವಗಂಗವ್ವನ ಮನಸ್ಸಿನಲ್ಲಿ ಅದು ಅನ್ನವೂ ಅಲ್ಲ, ರೊಟ್ಟಿಯೂ ಅಲ್ಲ, ತಿನ್ನುವ ಲೆಕ್ಕಕ್ಕೇ ಬಾರದ್ದು. ಅವಳು ದೇವರ ಮುಂದೆ ಬಟ್ಟಲು ಇಟ್ಟು, ಕೈಮುಗಿದು, ಬಟ್ಟಲನ್ನು ಖಾಲಿ ಮಾಡಿ ತೊಳೆದು ಕೊಟ್ಟಳು. ಸಂಜೆ ಪುಡಿಯ ನೀರನ್ನು ಮುಖ ಕಿವಿಚಿಕೊಂಡು ಚೂರೂ ಬಿಡದೆ ಕುಡಿದಳು.

ಮರುದಿನ ನರ್ಸ್, “ನಿನ್ನೆ ಏನಾದರೂ ತಿಂದಿರೇನು ಆಜೀ?” ಎಂದು ಮರಾಠಿಯಲ್ಲಿ ಕೇಳಿದಳು.

“ನಾಹೀ. ಸೋಮವಾರ ಹೋತಾ,” ಇಲ್ಲ, ಸೋಮವಾರ ಇತ್ತಲ್ಲ, ಎಂದಳು ಶಿವಗಂಗವ್ವ. ಸುಳ್ಳು ಹೇಳುವ ಹೆಂಗಸಲ್ಲ ಅವಳು.

ಸ್ವಲ್ಪ ಹೊತ್ತಿಗೆ ಡಾಕ್ಟರರು ಮನೆಯವರನ್ನು ಒಳಗೆ ಕರೆದರು. ಕೈಗವಸು ತೆಗೆಯುತ್ತ ಅವರು ಹೇಳಿದ್ದು ಇಷ್ಟು: ಒಳಗೆಲ್ಲ ಅಂಟಂಟು, ನಡುನಡುವೆ ಶೇಂಗಾದ ಚೂರು. ಅರ್ಧಕ್ಕಿಂತ ಮುಂದೆ ಹೋಗಿ ಉಪಯೋಗವಿಲ್ಲ. ಕಾಣದೆ ನೋಡಿದ್ದನ್ನು ನೋಡಿದೆ ಅನ್ನಲು ಬರುವುದಿಲ್ಲ. ಇನ್ನೊಮ್ಮೆ ಮೊದಲಿನಿಂದ ಆಗಬೇಕು.

ಮಂಪರಿನಿಂದ ಏಳುತ್ತಿದ್ದ ಹೆಂಡತಿಯ ಕಿವಿಯಲ್ಲಿ ಮಲಕಪ್ಪ ಅದನ್ನು ಕನ್ನಡಕ್ಕೆ ತಂದ. “ಏ, ಒಳಗ ಶೇಂಗಾ ಸಿಕ್ಕಾವಂತ.”

ರಿಕ್ಷಾದಲ್ಲಿ ಕೂತ ಕೂಡಲೇ ದೇವಾನಂದ ಶುರುಮಾಡಿದ. “ನನ್ನ ರಜಾ ಹೋತು, ನೀ ಕುಡದ ಪುಡೀನೂ ಹೋತು. ಏನೂ ತಿನ್ನಬ್ಯಾಡ ಅಂತ ಎಷ್ಟು ಸಲ ಹೇಳ್ಯಾರ.”

“ನಾ ಎಲ್ಲಿ ತಿಂದೀನೋ? ಉಪಾಸದ್ದು ಊಟ ಹ್ಯಾಂಗ ಆಗ್ತದ? ಅನುಸೂಯಾಬಾಯೀನ ಕೇಳು ಬೇಕಾದ್ರ.”

“ಆಕಿನ್ನ ಯಾಕ ಕೇಳಲಿ, ಆಕಿನ ಡಾಕ್ಟರೇನು?”

ಸ್ನೇಹಲ್‌ಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆಯ ಭುಜದ ಮೇಲೆ ಒರಗಿ ನಕ್ಕಳು. ನಗುತ್ತ ನಗುತ್ತಲೇ ಅವಳ ಕಣ್ಣು ತುಂಬಿದವು. “ತಪ್ಪು ನನ್ನದ್ರಿ. ನಾ ಮನ್ಯಾಗ ಇರಬೇಕಿತ್ತು,” ಎಂದಳು.

ಮತ್ತೆ ದಿನ ಸಿಕ್ಕಿದ್ದು ಅಧಿಕ ಮುಗಿಯಲು ಬಂದಾಗ. ಏನಾದರೂ ಕೊಯ್ದು ತೆಗೆದರೆ, ಆ ಜಾಗದಿಂದ ರಕ್ತ ಬರುವ ಅಂಜಿಕೆ ಇರುವುದರಿಂದ, ಎರಡು ವಾರ ದೂರದ ಪ್ರಯಾಣ ಬೇಡ ಎಂದೂ ಡಾಕ್ಟರರು ಹೇಳಿದ್ದರು. ಲೆಕ್ಕ ಹಾಕಿದರೆ ಸ್ಪಷ್ಟವಿತ್ತು. ನಿಜ ಶ್ರಾವಣ ಅವಳಿಲ್ಲದೆ ಶುರುವಾಗಲಿತ್ತು.

ಆ ವಾರ ಶಿವಗಂಗವ್ವ ಟ್ರಂಕಿನ ಮೇಲಿನ ಚೀಲ ಇಳಿಸಿ ದೂಳು ಕೊಡವಿದಳು. ಒಂದು ಇಳಕಲ್ ಸೀರೆ, ಅಕ್ಕನಿಗೆಂದು ಒಂದು ಕುಪ್ಪಸದ ಕಣ, ವಿಭೂತಿಯ ಗಟ್ಟಿ ಒಳಗೆ ಸೇರಿದವು. ಯಾರಿಗೂ ಏನೂ ಹೇಳಲಿಲ್ಲ, ಮುಚ್ಚಿಡಲೂ ಇಲ್ಲ. ಚೀಲ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿತು. ಎಲ್ಲರೂ ಅದನ್ನು ದಾಟಿ ಓಡಾಡಿದರು.

ಶನಿವಾರ ಸಂಜೆ ಪಾರವ್ವ ಊರಿನ ಗೌಡರ ಮನೆಯಿಂದ ಫೋನ್ ಮಾಡಿದಳು. ದೂರದ ಧ್ವನಿ, ನಡುವೆ ಗಾಳಿಯ ಸದ್ದು.

“ಗಂಗೀ, ಕಂಬದ ಬುಡಕ ನಿನ್ನ ಜಾಗ ಸಾರಿಸಿ ಇಟ್ಟೀನಿ. ಮೊದಲ ದಿನಾನ ಬಾ. ನಡುವ ಬಂದ್ರ ತಲಿ ಇಲ್ಲದ ಕಥಿ ಕೇಳಿಧಂಗ ಆಗ್ತದ.”

“ಬರ್ತೀನಿ ಅಕ್ಕಾ.”

“ಹ್ವಾದ ಸಲಾನೂ ಹಂಗ ಅಂದಿದ್ದಿ. ನನಗೂ ವಯಸ್ಸಾತವ್ವ. ಕುಂತ್ರ ಏಳಾಕ ಬರೂದಿಲ್ಲ, ಎದ್ರ ಕೂಡಾಕ ಬರೂದಿಲ್ಲ.”

ಶಿವಗಂಗವ್ವ ರಿಸೀವರ್ ಇಟ್ಟು ಅದರ ಮೇಲೆ ಕೈ ಇಟ್ಟುಕೊಂಡೇ ನಿಂತಳು. ಮಲಕಪ್ಪ ಅಡತಿಯ ಚೀಟಿಗಳನ್ನು ಪಕ್ಕಕ್ಕೆ ಸರಿಸಿ ಹೆಂಡತಿಯನ್ನು ನೋಡಿದ. ಅವಳ ಮುಖವನ್ನು ಬಹಳ ಹೊತ್ತು ನೋಡಲಾರದೆ, ಗೋಡೆಯ ಕಡೆ ತಿರುಗಿ ಹೇಳಿದ.

“ಹೋಗಿ ಬಾ. ಆಮ್ಯಾಲ ನೋಡೂಣು. ಡಾಕ್ಟರಿಗೆ ನಾ ಹೇಳ್ತೀನಿ.”

ಅವಳು ಸೊಸೆಯ ಕಡೆ ನೋಡಿದಳು. ಸ್ನೇಹಲ್ ಬೇಡ ಎನ್ನುತ್ತಾಳೆ, ಕ್ಯಾಲೆಂಡರ್ ತರುತ್ತಾಳೆ ಎಂದು ಕಾದಳು. ಸ್ನೇಹಲ್ ಚೀಲದಿಂದ ಇಳಕಲ್ ಸೀರೆ ತೆಗೆದು, ನೆರಿಗೆ ಬಿದ್ದಿದ್ದ ಮಡಿಕೆಗಳ ಮೇಲೆ ಇಸ್ತ್ರಿ ಆಡಿಸತೊಡಗಿದಳು.

ದೀಪ ಹಚ್ಚುವ ಹೊತ್ತಾಗಿತ್ತು. ಶಿವಗಂಗವ್ವ ದೇವರ ಗೂಡಿನ ಮುಂದೆ ಕೂತು ಅಪ್ಪನ ರಾಗದಲ್ಲಿ ಒಂದು ಪದ ಹಿಡಿದಳು. ಚಿಕ್ಕಂದಿನಿಂದ ಬಾಯಿಗೆ ಬರುವ ಪದ. ಮೂರನೇ ಸಾಲಿಗೆ ಬರುವಷ್ಟರಲ್ಲಿ ಒಂದು ಶಬ್ದ ಜಾರಿತು. ಅದನ್ನು ಬಿಟ್ಟು ನಾಲ್ಕನೆಯದಕ್ಕೆ ಹೋಗಲು ಬಾಯಿ ತೆರೆದವಳು ನಿಂತಳು. ಮತ್ತೆ ಮೊದಲಿನಿಂದ ಶುರುಮಾಡಿದಳು. ಅಲ್ಲಿಯೇ ಜಾರಿತು. ಮೂರನೆಯ ಸಲ ಹಿಡಿದಾಗ ಆ ಶಬ್ದ ತಾನಾಗಿ ನಾಲಿಗೆಗೆ ಬಂತು.

ಪದ ಮುಗಿಸಿ, ದೀಪದ ಬತ್ತಿ ಸರಿಮಾಡುತ್ತ ಕೇಳಿದಳು. “ಸ್ನೇಹಲ್, ಡಾಕ್ಟರು ಏನಂದ್ರಂದಿ? ಕಾಣದ ನೋಡಿದ್ದು ನೋಡಿಧಂಗಲ್ಲ ಅಂತಲ್ಲ?”

“ಹೌದ್ರಿ ಅತ್ತೀ.”

“ನಮ್ಮಪ್ಪನೂ ಹಂಗ ಅಂತಿದ್ದ.”

ಇಸ್ತ್ರಿಯ ಸದ್ದು ನಿಂತಿತು.

“ಆ ಸಾಬುದಾಣಿ ಡಬ್ಬಿ ನನ್ನ ಕೈಗೆ ಹತ್ತಲಾರದಂಗ ಮ್ಯಾಲಿಡು,” ಎಂದಳು ಶಿವಗಂಗವ್ವ.

ಎರಡನೆಯ ತಪಾಸಣೆಯ ಹಿಂದಿನ ದಿನ ಆ ಮನೆಯಲ್ಲಿ ಒಲೆಯ ಮೇಲೆ ರೊಟ್ಟಿಯ ಹಂಚು ಏರಲಿಲ್ಲ. ಸ್ನೇಹಲ್ ತಾನೂ ಬೇಳೆಯ ತಿಳಿ ಕುಡಿದು ಕೂತಳು. ಅತ್ತೆ ಬೈದರೂ ಕೇಳಲಿಲ್ಲ. ಮಲಕಪ್ಪ ಮಾರ್ಕೆಟ್ಟಿನಿಂದ ಬೇಗ ಬಂದು, ಹೊಸ ಬೆಲ್ಲ ಹಾಕಿ ಹಾಲಿಲ್ಲದ ಚಹಾ ತಾನೇ ಕುದಿಸಿದ. ಮದುವೆಯಾದ ಮೇಲೆ ಅವನು ಒಲೆ ಹಚ್ಚಿದ್ದು ಅದೇ ಮೊದಲು.

“ಏನ್ರಿ ಇದು, ಕಷಾಯ ಅದನೋ ಚಹಾ ಅದನೋ?”

“ಸುಮ್ಮ ಕುಡಿ. ಸೋಸೀನಿ, ಎಳ್ಳಿನಷ್ಟೂ ಕಸ ಇಲ್ಲ.”

ಅನುಸೂಯಾಬಾಯಿ ಹಲಸಿನ ಚಿಪ್ಸ್ ಹಿಡಿದು ಬಾಗಿಲಿಗೆ ಬಂದಾಗ ಸ್ನೇಹಲ್ ಹೊಸ್ತಿಲಲ್ಲೇ ಕೂತಿದ್ದಳು. ಬಟ್ಟಲನ್ನು ತಾನು ತೆಗೆದುಕೊಂಡು, ನಗುತ್ತ, ಅತ್ತೆಯ ದರ್ಶನ ನಾಳೆ ಸಂಜೆಯ ತನಕ ಇಲ್ಲ ಎಂದು ಮರಾಠಿಯಲ್ಲಿ ಹೇಳಿ ಕಳಿಸಿದಳು.

ಈ ಸಲ ಎಲ್ಲ ಕಂಡಿತು. ಮೊದಲ ಸಲ ಎಲ್ಲಿಯ ತನಕ ಹೋಗಿ ನಿಂತಿದ್ದರೋ ಅದರ ಆಚೆ, ಕರುಳಿನ ಬಲಗಡೆಯ ತಿರುವಿನಲ್ಲಿ, ಕಡಲೆಕಾಳಿಗಿಂತ ಚಿಕ್ಕ ಎರಡು ಗಂಟುಗಳಿದ್ದವು. ಡಾಕ್ಟರರು ತೆಗೆದು ಪರೀಕ್ಷೆಗೆ ಕಳಿಸಿದರು. ಹೊರಡುವ ಮೊದಲು ಒಂದು ಮಾತು ಕೇಳಿದರು. “ಒಡಹುಟ್ಟಿದವರು ಇದ್ದಾರೇನು? ಇದು ರಕ್ತಸಂಬಂಧದಲ್ಲಿ ಬರುವುದುಂಟು. ಅವರೂ ಒಮ್ಮೆ ನೋಡಿಸಿಕೊಳ್ಳಬೇಕು.”

“ಅಕ್ಕ ಇದ್ದಾಳ,” ಎಂದಳು ಶಿವಗಂಗವ್ವ ಮೆಲ್ಲಗೆ. ಫೋನಿನಲ್ಲಿ ಅಕ್ಕ ಹೇಳಿದ್ದ ಮಾತು ಆಗ ಅವಳಿಗೆ ನೆನಪಾಯಿತು. ಕುಂತ್ರ ಏಳಾಕ ಬರೂದಿಲ್ಲ, ಎದ್ರ ಕೂಡಾಕ ಬರೂದಿಲ್ಲ.

ನಿಜ ಶ್ರಾವಣ ಬಂತು. ಮೊದಲ ದಿನ ಸಂಜೆ ಶಿವಗಂಗವ್ವ ಅಡುಗೆಕೋಣೆಯ ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ ಕೂತಳು. ಕೆಳಗೆ ರಸ್ತೆಯಲ್ಲಿ ಸ್ಕೂಟರುಗಳು, ತರಕಾರಿ ಗಾಡಿಯವನ ಕೂಗು, ಯಾರದೋ ಮನೆಯ ಟೀವಿ.

“ಏನು ಮಾಡಾಕತ್ತೀರಿ ಅತ್ತೀ?”

“ಏನಿಲ್ಲ. ಈಗ ಅಲ್ಲಿ ದೀಪ ಹಚ್ಚಿರ್ತಾರ. ಅಕ್ಕ ನನ್ನ ಜಾಗದಾಗ ಯಾರನ್ನೂ ಕೂಡ್ಸಗೊಡೂದಿಲ್ಲ, ಜಗಳಾ ಮಾಡ್ತಿರ್ತಾಳ.”

ಮಲಕಪ್ಪ ಅಂಗಿ ಕಳಚಿ ಗೂಟಕ್ಕೆ ಹಾಕಿ ಬಂದು ಅವಳ ಪಕ್ಕದಲ್ಲಿ ಕೂತ. ಹೆಣ್ಣು ನೋಡಲು ಹೋದಾಗ ಮಾವ ಓದುತ್ತಿದ್ದ ಪದದ ಎರಡು ಸಾಲು ಅವನಿಗೆ ಹೇಗೋ ನೆನಪಿದ್ದವು. ಕಡತದಂಥ ಒಣ ಧ್ವನಿಯಲ್ಲಿ ಅವನ್ನು ಹೇಳಿದ. ಒಂದು ಸಾಲು ತಲೆಕೆಳಗಾಗಿತ್ತು. ಶಿವಗಂಗವ್ವ ಕಣ್ಣು ತೆರೆಯದೆಯೇ ತಿದ್ದಿದಳು. ಅವನು ಮತ್ತೆ ಹೇಳಿದ, ಮತ್ತೆ ತಪ್ಪಿದ. “ಬೆಲ್ಲ ಮಾರ್ರಿ ನೀವು,” ಎಂದಳು. ಅವಳ ಕೈ ಮಾತ್ರ ಅವನ ಕೈಯ ಮೇಲೆಯೇ ಇತ್ತು. ಆಮೇಲೆ ದಿನಾ ಸಂಜೆ ಅದೇ ಹೊತ್ತಿಗೆ ಇಬ್ಬರೂ ಹಾಗೆ ಕೂರುವುದು ರೂಢಿಯಾಯಿತು.

ವರದಿ ಬಂತು. ಗಂಟುಗಳು ಚಿಕ್ಕವು, ಕೆಡುಕಿಗೆ ತಿರುಗಿರಲಿಲ್ಲ. ಇನ್ನು ಐದು ವರ್ಷಕ್ಕೆ ಬಂದರೆ ಸಾಕು ಎಂದರು ಡಾಕ್ಟರರು.

“ಆಷಾಢದಾಗ ಬರ್ತೀನಿ ಅಂತ ಹೇಳು,” ಎಂದಳು ಶಿವಗಂಗವ್ವ ಸೊಸೆಗೆ. “ಶ್ರಾವಣದ ತನಕ ಕಾಯೂದು ಬ್ಯಾಡ.” ಸ್ನೇಹಲ್ ಮರಾಠಿಯಲ್ಲಿ ಹೇಳಿದಳು. ಡಾಕ್ಟರರು ನಕ್ಕು, ಆಷಾಢವೇ ಆಗಲಿ ಎಂದರು.

ಎರಡು ವಾರ ಮುಗಿದ ಕೂಡಲೇ ಸ್ನೇಹಲ್ ಮಾತು ಉಳಿಸಿಕೊಂಡಳು. ಸ್ವಾರಗೇಟದಲ್ಲಿ ಇಂಡಿಯ ಬಸ್ಸಿನ ಕಿಟಕಿಯ ಸೀಟು ಹಿಡಿದು, ಅತ್ತೆಯನ್ನು ಕೂರಿಸಿ, ಕೆಳಗೆ ನಿಂತು ಕಿಟಕಿಯ ಸರಳು ಹಿಡಿದುಕೊಂಡಳು. “ಪುರಾಣ ಮಂಗಲ ಆಗೂ ತನಕ ಇದ್ದು ಪೂರಾ ಕೇಳಿ ಬರ್ರಿ.”

“ಎಲ್ಲೀ ಪೂರಾ? ಅರ್ಧಾ ಉಳದದ.”

ಊರು ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಪಾರವ್ವ ಮಠದಲ್ಲೇ ಇದ್ದಳು. ಕಂಬದ ಬುಡದಲ್ಲಿ ಒಂದು ಚಾಪೆಯಗಲ ಜಾಗ ಖಾಲಿ ಇತ್ತು. ತಂಗಿಯನ್ನು ಕಂಡವಳೇ ಕೈ ಚಾಚಿ ಎಳೆದು ಅಲ್ಲಿ ಕೂರಿಸಿಕೊಂಡಳು. ಎಷ್ಟು ಸಣ್ಣಗಾಗಿದ್ದಾಳೆ ಎಂದು ಶಿವಗಂಗವ್ವನಿಗೆ ಆ ಕೈ ಮುಟ್ಟಿದಾಗಲೇ ತಿಳಿಯಿತು. ಪಾರವ್ವ ನೆಲಕ್ಕೆ ಕೈಯೂರಿ, ಒಂದು ಪಕ್ಕಕ್ಕೆ ವಾಲಿ ಕೂತಳು.

“ಯಾಕ ಹಂಗ ಕುಂತಿ ಅಕ್ಕಾ?”

“ಮೂಲವ್ಯಾಧಿ ಬಿಡ. ಆಗೊಮ್ಮೆ ಈಗೊಮ್ಮೆ ರಕ್ತ ಬೀಳ್ತದ. ವಯಸ್ಸಿಗೆ ಬರೂವಂಥಾದ್ದ.”

ಶಿವಗಂಗವ್ವ ಅಕ್ಕನ ಕಡೆ ಪೂರ್ತಿ ತಿರುಗಿ ಕೂತಳು. “ನನ್ನ ಕೂಡ ಪುಣೆಕ್ಕ ಬಾ. ಒಬ್ರು ಡಾಕ್ಟರಿದ್ದಾರ. ನಿನ್ನನ್ನೂ ನೋಡಬೇಕಂದಾರ.”

“ನೋಡೂಣು. ಶ್ರಾವಣ ಮುಗೀಲಿ.”

ಶಿವಗಂಗವ್ವನಿಗೆ ಬಸ್ಸಿನ ದಣಿವೆಲ್ಲ ಒಮ್ಮೆಲೇ ಎದೆಗೆ ಬಂದಂತಾಯಿತು. ಅಕ್ಕನ ಬಾಯಿಂದ ತನ್ನದೇ ಮಾತು. ಮುಂದೆ ಗಣಪತಿ ಇದೆ, ಪಿತೃಪಕ್ಷವಿದೆ, ದಸರಾ ಇದೆ. ಅವಳ ಮುಂದಿಡಲು ಇಲ್ಲಿ ಯಾವ ಕ್ಯಾಲೆಂಡರೂ ಇರಲಿಲ್ಲ.

“ಶ್ರಾವಣ ಮುಗೀಲಿ ಅಂತ ನಾನೂ ಅಂದಿದ್ದೆ,” ಎಂದಳು. “ನಾಳೆ ಮುಂಜಾನಿ ಬಸ್ಸದ. ಇಬ್ರೂ ಹೋಗೂಣು.”

“ಹುಚ್ಚದೇನ ನಿನಗ? ಇವತ್ತರ ಬಂದಿ. ಇಷ್ಟು ವರ್ಷ ಹಂಬಲಿಸಿ ಒಂದ ದಿನ ಕೇಳಿ ಹೋಗ್ತಿ?”

“ಒಂದ ದಿನ ಕೇಳ್ತೀನಲ್ಲ.”

ಪಾರವ್ವ ತಂಗಿಯ ಮುಖವನ್ನೇ ನೋಡಿದಳು. “ಅಲ್ಲಿ ಏನು ಮಾಡ್ತಾರ?” ಎಂದು ಕೇಳಿದಳು. ಧ್ವನಿ ಸಣ್ಣದಾಗಿತ್ತು.

“ಏನಿಲ್ಲ, ನಿದ್ದಿ ಬರಿಸಿ ನೋಡ್ತಾರ. ಹಿಂದಿನ ದಿನ ಸಾಬುದಾಣಿ ಮಾತ್ರ ತಿನ್ನಬಾರದು.”

“ಯಾಕ?”

“ಬಸ್ಸಿನಾಗ ಹೇಳ್ತೀನಿ. ನಗ್ತಿ ನೀ.”

ಗದ್ದಿಗೆಯ ಮುಂದೆ ದೀಪ ಹಚ್ಚಿದರು. ಓದುವವನು ಪುಸ್ತಕ ಬಿಚ್ಚಿ, ಕೆಮ್ಮಿ, ಗಂಟಲು ಸರಿಮಾಡಿಕೊಂಡ. ಪಾರವ್ವ ತಂಗಿಯ ಕೈ ತನ್ನ ಮಡಿಲಿಗೆ ಎಳೆದುಕೊಂಡಳು. ಬತ್ತಿ ಇನ್ನೂ ಸರಿಯಾಗಿ ಹೊತ್ತಿರಲಿಲ್ಲ. ಓದುವವನು ಸಾಲಿನ ಮೇಲೆ ಬೆರಳಿಟ್ಟು ಬಗ್ಗಿ ನೋಡಿದ, ಕಾಣಲಿಲ್ಲ. ಯಾರೋ ಎದ್ದು ಬತ್ತಿ ಏರಿಸಿದರು. ಬೆಳಕು ಬಂದ ಮೇಲೆ ಅವನು, ನಿನ್ನೆ ಓದಿ ನಿಲ್ಲಿಸಿದ್ದ ಪದವನ್ನೇ ಮತ್ತೆ ಮೊದಲಿನಿಂದ ಹಿಡಿದ.